2027ರ ಈಸ್ಟರ್ ರಜೆ: ಡ್ಯುಸೆಲ್‌ಡಾರ್ಫ್‌ನಿಂದ ಟ್ಯೂಲಿಪ್ ಮತ್ತು ಲೊಕಾರ್ನೊ, ಆರು ಜನ

ರೈನ್‌ದಂಡೆ ಕೇಳಿದ್ದು:

ಡ್ಯುಸೆಲ್‌ಡಾರ್ಫ್‌ನಲ್ಲಿ ವಾಸ. ಭಾರತದ ಪಾಸ್‌ಪೋರ್ಟ್, ಜರ್ಮನಿಯ ರೆಸಿಡೆನ್ಸ್ ಕಾರ್ಡ್, ಸರ್ಕಾರಿ ಆರೋಗ್ಯ ವಿಮೆ. ಮಕ್ಕಳಿಗೆ 5 ಮತ್ತು 9 ವರ್ಷ. ಅಪ್ಪ-ಅಮ್ಮ ಮಾರ್ಚ್ ಮಧ್ಯದಲ್ಲಿ ಸಿಂಗಲ್ ಎಂಟ್ರಿ ಷೆಂಗೆನ್ ವೀಸಾದಲ್ಲಿ ಬಂದು ಎರಡು ತಿಂಗಳು ಇರುತ್ತಾರೆ. ಶಾಲೆಗೆ ರಜೆ ಮಾರ್ಚ್ 22ರಿಂದ ಏಪ್ರಿಲ್ 3. ಏಳು ಸೀಟಿನ ಕಾರು ಬಾಡಿಗೆಗೆ ತೆಗೆದುಕೊಂಡು ಮೊದಲ ವಾರ ನೆದರ್‌ಲ್ಯಾಂಡ್ಸ್‌ನ ಟ್ಯೂಲಿಪ್ ತೋಟ ಕ್ಯೂಕೆನ್‌ಹಾಫ್, ಎರಡನೇ ವಾರ ಸ್ವಿಟ್ಜರ್ಲೆಂಡಿನ ಲೊಕಾರ್ನೊಗೆ ಹೋಗುವ ಲೆಕ್ಕ. ಆ ಹೊತ್ತಿಗೆ ಟ್ಯೂಲಿಪ್ ಅರಳಿರುತ್ತದೆಯೇ? ಕಾಗದಪತ್ರ, ವಿಮೆ, ಕಾರು, ಇವುಗಳಲ್ಲಿ ಎಲ್ಲಿ ಎಡವುವ ಸಾಧ್ಯತೆ ಇದೆ?

ಗಡ್ಡೆತೋಟ ಉತ್ತರ:

ಹೊಲದ ಟ್ಯೂಲಿಪ್ ಸಿಗುವುದಿಲ್ಲ. 2027ರಲ್ಲಿ ಈಸ್ಟರ್ ಮಾರ್ಚ್ 28ಕ್ಕೇ ಬಂದುಬಿಟ್ಟಿದೆ, ಹೂವು ಮಾತ್ರ ಪಂಚಾಂಗ ನೋಡಿ ಅರಳುವುದಿಲ್ಲ. ಆ ತೋಟವಿರುವ ಲಿಸ್ಸೆ ಸುತ್ತ ಮಾರ್ಚ್‌ನಲ್ಲಿ ಕ್ರೋಕಸ್, ಮಾರ್ಚ್ ಕೊನೆಯಿಂದ ಡ್ಯಾಫೊಡಿಲ್ ಮತ್ತು ಹಯಸಿಂತ್, ಏಪ್ರಿಲ್ ಮಧ್ಯದಿಂದ ಟ್ಯೂಲಿಪ್, ಇದೇ ಸರದಿ. ಚಳಿ ಎಳೆದರೆ ಇನ್ನೊಂದು ವಾರ ತಡ.

ತೋಟದ ಒಳಗಿನ ಮಾತು ಬೇರೆ. ಕ್ಯೂಕೆನ್‌ಹಾಫ್‌ನಲ್ಲಿ ಸುಮಾರು 70 ಲಕ್ಷ ಗಡ್ಡೆಗಳನ್ನು ಕೈಯಲ್ಲೇ ನೆಡುತ್ತಾರೆ. ಎಷ್ಟೋ ಪಾತಿಗಳಲ್ಲಿ ತಡವಾಗಿ ಅರಳುವುದು ಆಳಕ್ಕೆ, ಬೇಗ ಅರಳುವುದು ಮೇಲಕ್ಕೆ, ಹೀಗೆ ಪದರ ಪದರವಾಗಿ. ಒಂದು ಬಾಡುವಾಗ ಕೆಳಗಿನದು ತಲೆ ಎತ್ತುತ್ತದೆ. ವಿಲೆಮ್-ಅಲೆಕ್ಸಾಂಡರ್ ಮಂಟಪದ ಗಾಜಿನ ಸೂರಿನಡಿ ತೋಟ ತೆರೆದ ದಿನದಿಂದಲೇ ಟ್ಯೂಲಿಪ್ ಇರುತ್ತದೆ. ಆದರೆ ಬಣ್ಣದ ಪಟ್ಟೆ ಹಾಸಿದ ಹೊಲ ನೋಡಲೆಂದು ಹೋದವರಿಗೆ ಅದೊಂದೇ ಸಾಲದು.

ಆದ್ದರಿಂದ ಈ ಭಾಗವನ್ನು ರಜೆಯಿಂದ ಹೊರತೆಗೆದು ಏಪ್ರಿಲ್ 17-18 ಅಥವಾ 24-25ರ ವಾರಾಂತ್ಯಕ್ಕೆ ಹಾಕಿ. ಡ್ಯುಸೆಲ್‌ಡಾರ್ಫ್‌ನಿಂದ ಸುಮಾರು 230 ಕಿ.ಮೀ. ಅಷ್ಟೇ, ಅಪ್ಪ-ಅಮ್ಮನೂ ಆಗ ಇಲ್ಲೇ ಇರುತ್ತಾರೆ. ನೊರ್ಡ್‌ವೈಕ್‌ನಿಂದ ಹಾರ್ಲೆಮ್‌ವರೆಗಿನ ಹೂರಥಗಳ ಮೆರವಣಿಗೆ ಏಪ್ರಿಲ್‌ನ ಒಂದು ಶನಿವಾರ ನಡೆಯುತ್ತದೆ. ಅಂದು ತೋಟದ ಸುತ್ತಲಿನ ರಸ್ತೆಗಳು ಕಟ್ಟಿಕೊಳ್ಳುತ್ತವೆ, ದಿನಾಂಕ ನೋಡಿಕೊಂಡೇ ಟಿಕೆಟ್ ತೆಗೆಯಿರಿ. ಏಪ್ರಿಲ್ 27 ರಾಜನ ದಿನ, ಆ ಹೊತ್ತಿಗೆ ಡಚ್ ಶಾಲೆಗಳ ಮೇ ರಜೆಯ ಜನವೂ ಸೇರುತ್ತದೆ. ಮೇ 6ರ ಅಸೆನ್ಷನ್ ರಜೆಗೆ ತಳ್ಳಬೇಡಿ. ಸತ್ವ ಗಡ್ಡೆಗೆ ಇಳಿಯಲೆಂದು ರೈತರು ಹೂವಿನ ತಲೆಗಳನ್ನು ಯಂತ್ರದಿಂದ ಸವರಿಬಿಡುತ್ತಾರೆ. ನಿನ್ನೆ ಕೆಂಪಗಿದ್ದ ಹೊಲ ಇವತ್ತು ಬರೀ ಹಸಿರು.

ಟಿಕೆಟ್‌ಗೆ ಸಮಯ ನಿಗದಿ ಇರುತ್ತದೆ, ಪಾರ್ಕಿಂಗ್ ಅನ್ನೂ ಆನ್‌ಲೈನ್‌ನಲ್ಲಿ ಜೊತೆಗೇ ಕೊಳ್ಳಿ. ತೋಟ ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. 10ರೊಳಗೆ ಒಳಗಿರಿ, ಇಲ್ಲವೇ ಮಧ್ಯಾಹ್ನ 3ರ ಮೇಲೆ ಹೋಗಿ. 32 ಹೆಕ್ಟೇರ್ ಸುತ್ತುವುದು ಹಿರಿಯರಿಗೆ ಕಷ್ಟ, ಗಾಲಿಕುರ್ಚಿ ಬೇಕಿದ್ದರೆ ಮೊದಲೇ ಕಾದಿರಿಸಿ. ಹೊಲ ನೋಡಲು ಗೇಟಿನ ಬಳಿ ಬಾಡಿಗೆಗೆ ಸಿಗುವ ಸೈಕಲ್ಲೇ ಸರಿ. ಫೋಟೊಗಾಗಿ ಸಾಲುಗಳ ನಡುವೆ ದಯವಿಟ್ಟು ಇಳಿಯಬೇಡಿ. ಕಾಲಿಗೆ ಅಂಟಿದ ಮಣ್ಣಿನಲ್ಲಿ ರೋಗ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತದೆ. ಅದು ಅವರ ಒಂದು ವರ್ಷದ ದುಡಿಮೆ.

ಕಾಗದಪತ್ರ ಉತ್ತರ:

ನಿಮ್ಮ ಯೋಜನೆಯಲ್ಲಿ ದೊಡ್ಡ ಬಿರುಕು ಇರುವುದು ವಿಮೆಯಲ್ಲಿ. ಆರೋಗ್ಯ ಕಾರ್ಡಿನ ಹಿಂಬದಿಯ ಯುರೋಪಿಯನ್ ಕಾರ್ಡ್ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆಯುತ್ತದೆ. ಸ್ವಿಟ್ಜರ್ಲೆಂಡ್‌ನಲ್ಲಿ ನಿಮಗೆ ನಡೆಯುವುದಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನ ಪೌರತ್ವದವರಿಗೆ ಆ ಕಾರ್ಡ್ ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್, ಲೀಕ್ಟೆನ್‌ಸ್ಟೈನ್, ಡೆನ್ಮಾರ್ಕ್‌ಗಳಲ್ಲಿ ಅನ್ವಯಿಸದು. ಜರ್ಮನ್ ಸಹೋದ್ಯೋಗಿಗೆ ಅಲ್ಲಿ ಚಿಕಿತ್ಸೆ ಸಿಕ್ಕಿತು ಎಂಬುದನ್ನು ನಂಬಿ ಹೊರಡಬೇಡಿ. ಇಡೀ ಕುಟುಂಬಕ್ಕೆ ಒಂದು ವರ್ಷದ ವಿದೇಶಿ ಆರೋಗ್ಯ ವಿಮೆ ತೆಗೆದುಕೊಳ್ಳಿ, ರೋಗಿಯನ್ನು ವಾಪಸ್ ಸಾಗಿಸುವ ಖರ್ಚು ಅದರಲ್ಲಿ ಸೇರಿರಲಿ. ಅಪ್ಪ-ಅಮ್ಮನಿಗೆ ಈ ತೊಂದರೆ ಇಲ್ಲ. ವೀಸಾಕ್ಕೆ ಕಡ್ಡಾಯವಾದ ಕನಿಷ್ಠ 30,000 ಯೂರೋ ವಿಮೆ ಷೆಂಗೆನ್ ಪೂರ್ತಿ ಅನ್ವಯಿಸುತ್ತದೆ.

ಸ್ವಿಟ್ಜರ್ಲೆಂಡ್ ಷೆಂಗೆನ್ ಒಳಗೇ ಇರುವುದರಿಂದ ಸಿಂಗಲ್ ಎಂಟ್ರಿ ವೀಸಾಕ್ಕೆ ಧಕ್ಕೆ ಇಲ್ಲ. ನಡುವೆ ಲಂಡನ್‌ಗೆ ಹೋಗಿಬರೋಣ ಎಂದರೆ ಆ ಎಂಟ್ರಿ ಅಲ್ಲಿಗೆ ಮುಗಿಯಿತು. ಬಂದ ದಿನ, ಹೋಗುವ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ವೀಸಾದ ಅವಧಿ ಬೇರೆ, ಅದರಲ್ಲಿ ಬರೆದ ದಿನಗಳ ಸಂಖ್ಯೆ ಬೇರೆ. ಎರಡನೆಯದನ್ನೂ ಓದಿ.

ಗಡಿಯಲ್ಲಿ ತಪಾಸಣೆ ಇರುವುದಿಲ್ಲ ಎಂದು ಪಾಸ್‌ಪೋರ್ಟ್ ಮನೆಯಲ್ಲಿಡಬೇಡಿ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ದೊಡ್ಡವರ ಕಾರ್ಡ್ ಪರ್ಸಿನಲ್ಲೇ ಇರುತ್ತದೆ, ಮರೆಯುವುದು ಮಕ್ಕಳದ್ದು. ಪ್ರತಿ ಮಗುವಿಗೂ ಅದರದೇ ಪಾಸ್‌ಪೋರ್ಟ್, ಅದರದೇ ರೆಸಿಡೆನ್ಸ್ ಕಾರ್ಡ್ ಬೇಕು.

ಸ್ಟೆಪ್ನಿ ಉತ್ತರ:

ಲೊಕಾರ್ನೊ ಸುಮಾರು 800 ಕಿ.ಮೀ. ಮಕ್ಕಳು, ಹಿರಿಯರು ಇರುವಾಗ ಒಂದೇ ದಿನದಲ್ಲಿ ಎಳೆಯಬೇಡಿ. ಫ್ರೈಬರ್ಗ್‌ನಲ್ಲಿ ರಾತ್ರಿ ತಂಗಿ.

ದಾರಿಯಲ್ಲಿ ಆಲ್ಪ್ಸ್ ದಾಟಿಸುವ ಗೊಟ್ಟಾರ್ಡ್ ರಸ್ತೆ ಸುರಂಗ 16.9 ಕಿ.ಮೀ., ದಿಕ್ಕಿಗೆ ಒಂದೇ ಲೇನ್. ಹಾಗಾಗಿ ಬಾಯಲ್ಲೇ ವಾಹನಗಳನ್ನು ತಡೆದು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾರೆ. ಗುಡ್ ಫ್ರೈಡೇ ಮಾರ್ಚ್ 26. ಅದರ ಹಿಂದಿನ ದಿನದಿಂದಲೇ ಉತ್ತರದ ಬಾಯಿ ಗೋಶೆನೆನ್ ಕಡೆ ಕಿಲೋಮೀಟರ್‌ಗಟ್ಟಲೆ ಸಾಲು. ಮೇಲಿನ ಘಾಟಿ ರಸ್ತೆ ಹಿಮದಿಂದ ಮುಚ್ಚಿರುತ್ತದೆ, ಅತ್ತ ತಪ್ಪಿಸಿಕೊಳ್ಳುವಂತಿಲ್ಲ. ಈಸ್ಟರ್ ಸೋಮವಾರ ಜನ ಹಿಂತಿರುಗುವಾಗ ಸಾಲು ದಕ್ಷಿಣದ ಬಾಯಿ ಐರೋಲೊ ಕಡೆಗೆ ಬದಲಾಗುತ್ತದೆ. ಮಾರ್ಚ್ 30ರ ಮಂಗಳವಾರ ದಕ್ಷಿಣಕ್ಕೆ ಹೊರಟರೆ ಎರಡೂ ತಪ್ಪುತ್ತವೆ. ಸ್ಯಾನ್ ಬರ್ನಾರ್ಡಿನೊ ಪರ್ಯಾಯವೇನೋ ಹೌದು. ಆದರೆ ಅದರ ಸುರಂಗ ಇರುವುದೇ 1,600 ಮೀಟರ್ ಎತ್ತರದಲ್ಲಿ, ಆಗಿನ್ನೂ ಹಿಮ ಬೀಳಬಹುದು.

ಬಾಡಿಗೆ ಕರಾರಿನಲ್ಲಿ ಚಳಿಗಾಲದ ಟೈರ್ ಮತ್ತು ಗಡಿ ದಾಟುವ ಅನುಮತಿ ಎರಡನ್ನೂ ಬರೆಸಿಕೊಳ್ಳಿ. ಸ್ವಿಸ್ ಹೆದ್ದಾರಿಗೆ ವಾರದ ವಿನ್ಯೆಟ್ (ಹೆದ್ದಾರಿ ಸುಂಕದ ಚೀಟಿ) ಎಂಬುದೇ ಇಲ್ಲ, ಇರುವುದು ವರ್ಷದ್ದು ಮಾತ್ರ, 40 ಫ್ರಾಂಕ್. ಡಿಜಿಟಲ್ ವಿನ್ಯೆಟ್ ನಂಬರ್ ಪ್ಲೇಟಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಕಾರು ಕೈಗೆ ಬಂದ ಮೇಲೆಯೇ ಕೊಳ್ಳಿ. ಮೊದಲೇ ಕೊಂಡು, ಆಮೇಲೆ ಬೇರೆ ಕಾರು ಕೊಟ್ಟರೆ ದುಡ್ಡು ದಂಡ. ಇಲ್ಲದೆ ಸಿಕ್ಕಿಬಿದ್ದರೆ 200 ಫ್ರಾಂಕ್, ಮೇಲೆ ವಿನ್ಯೆಟ್ ಬೆಲೆ. ನೆದರ್‌ಲ್ಯಾಂಡ್ಸ್‌ನಲ್ಲಿ ವಿನ್ಯೆಟ್ ಬೇಡ, ಆದರೆ ಬಹುಪಾಲು ಹೆದ್ದಾರಿಗಳಲ್ಲಿ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಗಂಟೆಗೆ 100 ಕಿ.ಮೀ. ಮಿತಿ.

9 ವರ್ಷದ ಮಗು 150 ಸೆಂ.ಮೀ. ಆಗಿರದಿದ್ದರೆ ಜರ್ಮನಿ, ಸ್ವಿಟ್ಜರ್ಲೆಂಡ್ ಎರಡರಲ್ಲೂ ಬೂಸ್ಟರ್ (ಮಗುವನ್ನು ಎತ್ತರಿಸುವ ಸೀಟು) ಬೇಕೇ ಬೇಕು. ನೆದರ್‌ಲ್ಯಾಂಡ್ಸ್‌ನ ಮಿತಿ 135, ಬಿಗಿಯಾದದ್ದನ್ನೇ ಪಾಲಿಸಿ. ಇನ್ನೊಂದು, ಏಳು ಸೀಟಿನ ಕಾರುಗಳಲ್ಲಿ ಮೂರನೇ ಸಾಲಿಗೆ ಎಷ್ಟೋ ಸಲ ಮಕ್ಕಳ ಸೀಟು ಸಿಕ್ಕಿಸುವ ಐಸೋಫಿಕ್ಸ್ ಕೊಂಡಿ ಇರುವುದಿಲ್ಲ, ಆ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಜಾಗವೂ ಉಳಿಯುವುದಿಲ್ಲ. ಆರು ಜನರ ಸಾಮಾನು ಹಿಡಿಯಬೇಕಾದರೆ ಒಂಬತ್ತು ಸೀಟಿನ ವ್ಯಾನ್ ಕೇಳಿ, ಜರ್ಮನಿಯಲ್ಲಿ ಕಾರಿನ ಲೈಸೆನ್ಸ್ ಅದಕ್ಕೂ ಸಾಕು.

ರೈನ್‌ದಂಡೆ:

ಟ್ಯೂಲಿಪ್ ಏಪ್ರಿಲ್ 17ಕ್ಕೆ, ಲೊಕಾರ್ನೊ ಮಾರ್ಚ್ 30ಕ್ಕೆ, ಹಾಗಾದರೆ. ವಿಮೆಯ ವಿಷಯ ಗೊತ್ತೇ ಇರಲಿಲ್ಲ, ಬಹಳ ಉಪಕಾರವಾಯಿತು. ಲೊಕಾರ್ನೊದಲ್ಲಿ ಆಗ ನೋಡಲು ಹೂವಿದೆಯೇ? ಅಪ್ಪ-ಅಮ್ಮ ಶುದ್ಧ ಸಸ್ಯಾಹಾರಿಗಳು.

ಗಡ್ಡೆತೋಟ:

ಅಲ್ಲಿ ಅದು ಕಮೇಲಿಯಾ, ಮ್ಯಾಗ್ನೋಲಿಯಾ ಕಾಲ. ಸರೋವರದ ದಂಡೆಯ ಕಮೇಲಿಯಾ ಉದ್ಯಾನದಲ್ಲಿ ನೂರಾರು ತಳಿಗಳಿವೆ. ಸಮತಟ್ಟು ಜಾಗ, ಹಿರಿಯರಿಗೆ ಹೇಳಿ ಮಾಡಿಸಿದಂತಿದೆ.

ಊಟ ಇಟಾಲಿಯನ್ ಶೈಲಿಯದು. ರಿಸೊಟ್ಟೊ ಸಸ್ಯಾಹಾರವೆಂದು ಕಂಡರೂ ಸಾಮಾನ್ಯವಾಗಿ ಮಾಂಸದ ಸಾರಿನಲ್ಲಿ ಬೆಂದಿರುತ್ತದೆ, "ಸೆನ್ಸಾ ಬ್ರೋಡೊ ದಿ ಕಾರ್ನೆ" ಎಂದು ಕೇಳಿ. ಪಾರ್ಮೆಸಾನ್ ಚೀಸ್‌ನಲ್ಲಿ ಹಾಲು ಗಟ್ಟಿಮಾಡಲು ಹಾಕುವ ಕರುವಿನ ಹೊಟ್ಟೆಯ ರೆನೆಟ್ ಇರುತ್ತದೆ, ಅದನ್ನು ಹಾಕಬೇಡಿ ಎನ್ನಲು "ಸೆನ್ಸಾ ಫೋರ್ಮಾಜ್ಜೊ". ಟೊಮೆಟೊ ಪಾಸ್ತಾಕ್ಕೂ ಇದೇ ಮಾತು. ಅಡುಗೆಮನೆ ಇರುವ ವಸತಿ ಹಿಡಿದು ಅಕ್ಕಿ, ಬೇಳೆ, ಸಾರಿನ ಪುಡಿ ಒಯ್ದರೆ ಈ ಪೇಚಾಟವೇ ಇಲ್ಲ. ಜರ್ಮನಿಯಲ್ಲಿ ಮಾರ್ಚ್ 26, 28, 29 ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಸಾಮಾನನ್ನು 25ರೊಳಗೇ ತಂದಿಡಿ.