ಮಳೆ ಶುರುವಾದಾಗಿಂದ ಕೋಳಿಗೂಡು ಗಬ್ಬು ನಾರ್ತಿದೆ, ಏನ್ ಮಾಡೋದು?

ಪ್ರಶ್ನೆ: ಡಾಕ್ಟ್ರೇ ನಮಸ್ತೆ, ನಾವು ಕೆಂಗೇರಿ ಹತ್ರ ಇರೋದು, ಮನೆ ಹಿಂದೆ ಎಂಟು ಗಿರಿರಾಜ ಕೋಳಿ ಇದಾವೆ. ದಿನಾ ಬೆಳಗ್ಗೆ ಗೂಡಿಗೆ ನೀರು ಹೊಡ್ದು ಉಜ್ಜಿ ಫಿನಾಯಿಲ್ ಹಾಕ್ತೀನಿ, ಮಧ್ಯಾಹ್ನದಷ್ಟೊತ್ತಿಗೆ ಮತ್ತೆ ಅದೇ ನಾತ, ಪಕ್ಕದ್ಮನೆಯವ್ರು ಕಿಟಕಿನೇ ತೆಗೀತಿಲ್ಲ. ಬ್ಲೀಚಿಂಗ್ ಪೌಡರ್ ಹಾಕ್ಲಾ?

ಡಾಕ್ಟರ್: ಬೇಡ ಮೇಡಂ, ದಯವಿಟ್ಟು ಹಾಕ್ಬೇಡಿ. ಹಿಕ್ಕೆಯಿಂದ ಬರೋ ಅಮೋನಿಯಾಗೆ ಬ್ಲೀಚಿಂಗ್ ಸೇರಿದ್ರೆ ಕ್ಲೋರಮೀನ್ ಅನ್ನೋ ವಿಷಗಾಳಿ ಏಳುತ್ತೆ, ಕೋಳಿಗೂ ಕೆಟ್ಟದ್ದು, ಒಳಗೆ ಬಗ್ಗಿ ಗುಡಿಸೋ ನಿಮ್ಗೂ ಕೆಟ್ಟದ್ದು.

ಇನ್ನೊಂದು ವಿಷ್ಯ, ದಿನಾ ತೊಳೆಯೋದನ್ನ ಇವತ್ತೇ ನಿಲ್ಲಿಸಿ. ಕೋಳಿ ಬೇರೆಯಾಗಿ ಉಚ್ಚೆ ಹೊಯ್ಯಲ್ಲ, ಹಿಕ್ಕೆ ಮೇಲೆ ಬಿಳಿ ಕಾಣುತ್ತಲ್ಲ ಅದೇ ಯೂರಿಕ್ ಆಸಿಡ್, ಒಣಗಿದ್ರೆ ಸುಮ್ನೆ ಬಿದ್ದಿರುತ್ತೆ, ಒದ್ದೆಯಾದ್ರೆ ಬ್ಯಾಕ್ಟೀರಿಯಾ ಸೇರ್ಕೊಂಡು ಅದನ್ನ ಅಮೋನಿಯಾ ಮಾಡುತ್ತೆ. ಮಳೆಗಾಲದಲ್ಲಿ ನೀವು ಸುರಿಯೋ ನೀರು ಆರೋದೇ ಇಲ್ಲ, ಹಂಗಾಗಿ ತೊಳೆದಷ್ಟೂ ನಾತ.

ನೆಲ ಪೂರ್ತಿ ಒಣಗಿಸಿ, ರೈಸ್ ಮಿಲ್ಲಲ್ಲಿ ಸಿಗೋ ಭತ್ತದ ಹೊಟ್ಟು 4 ಇಂಚು ದಪ್ಪ ಹರಡಿ. ಎರಡು ದಿನಕ್ಕೊಮ್ಮೆ ಕೆದಕಿ ತಿರುವಿ ಹಾಕಿ. ಒಂದು ಮುಷ್ಟಿ ಹಿಡಿದು ಅಮುಕಿ ನೋಡಿ, ಕೈ ಬಿಟ್ಟಾಗ ಉದುರಿದ್ರೆ ಸರಿ ಇದೆ, ಉಂಡೆ ಹಂಗೇ ನಿಂತ್ರೆ ತೇವ ಜಾಸ್ತಿ, ಆ ಜಾಗದ್ದು ಮಾತ್ರ ತೆಗೆದು ಹೊಸದು ಹಾಕಿ. ಸಾಮಾನ್ಯವಾಗಿ ನೀರಿನ ತಟ್ಟೆ ಸುತ್ತಲೇ ಒದ್ದೆ ಇರುತ್ತೆ, ಅದನ್ನ ಕೋಳಿ ಬೆನ್ನಿನ ಎತ್ತರಕ್ಕೆ ಏರಿಸಿ, ಆಗಲ್ಲ ಅಂದ್ರೆ ನಿಪ್ಪಲ್ (ಕೋಳಿ ಕುಕ್ಕಿದಾಗ ಮಾತ್ರ ನೀರು ಬಿಡೋ ಮೂತಿ) ಹಾಕ್ಸಿ. ರಾತ್ರಿ ಕೂರೋ ಕೋಲಿನ ಕೆಳಗೆ ಒಂದು ಹಲಗೆ ಇಟ್ಟು ಬೆಳಗ್ಗೆ ಕೆರೆದು ತೆಗೀರಿ, ಅರ್ಧ ವಾಸನೆ ಅಲ್ಲೇ ಹೋಗುತ್ತೆ.

ಚಳಿ ಅಂತ ಟಾರ್ಪಾಲಿನ್ ಸುತ್ತಿದೀರಾ? ಮಳೆ ಹೊಡೆಯೋ ಕಡೆ ಮಾತ್ರ ಇರ್ಲಿ, ಚಾವಣಿ ಕೆಳಗೆ ಸುತ್ತಲೂ ಗಾಳಿಗೆ ಜಾಗ ಬಿಡಿ, ಅಮೋನಿಯಾ ಗಾಳಿಗಿಂತ ಹಗುರ, ಮೇಲಿಂದ ಹೋಗುತ್ತೆ. ನಿಂತ್ಕೊಂಡು ಮೂಸಿದ್ರೆ ಗೊತ್ತಾಗಲ್ಲ, ಬಗ್ಗಿ ಕೋಳಿ ತಲೆ ಮಟ್ಟಕ್ಕೆ ಮೂಗಿಡಿ. ಅಲ್ಲಿ ನಿಮ್ಮ ಕಣ್ಣು ಉರಿದ್ರೆ ಪಾಪ ಅವು ರಾತ್ರಿಯೆಲ್ಲಾ ಅದನ್ನೇ ಉಸಿರಾಡ್ತಿರ್ತಾವೆ.

ಇನ್ನೊಬ್ರ ಪ್ರಶ್ನೆ: ಸರ್, ನಮ್ದು ಟೆರೇಸ್ ಮೇಲೆ. ನೆಲ ಒಣಗೇ ಇದೆ, ಆದ್ರೆ ಮಧ್ಯೆ ಮಧ್ಯೆ ಕಂದು ಬಣ್ಣದ ಅಂಟಂಟು ಹಿಕ್ಕೆ, ಅದು ಮಾತ್ರ ಸಿಕ್ಕಾಪಟ್ಟೆ ನಾತ. ಕಾಯಿಲೆನಾ?

ಡಾಕ್ಟರ್: ಅಲ್ಲ, ಸೀಕಮ್ ಅನ್ನೋ ಕುರುಡು ಕರುಳಿಂದ ಬರೋದು ಹಂಗೇ ಇರುತ್ತೆ, ಭಯ ಬೇಡ. ಆದ್ರೆ ರಕ್ತ ಕಂಡ್ರೆ, ಕೋಳಿ ಗರಿ ಕೆದರಿ ಮಂಕಾಗಿ ಕೂತ್ರೆ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ಕಾಯಿಲೆ ಇರ್ಬೋದು, ತಡ ಮಾಡ್ದೆ ಹತ್ರದ ಪಶು ಆಸ್ಪತ್ರೆಗೋ ಹೆಬ್ಬಾಳದ ವೆಟರ್ನರಿ ಕಾಲೇಜಿಗೋ ತಗೊಂಡು ಹೋಗಿ.

ಮೊದಲು ಕೇಳಿದವ್ರು: ಥ್ಯಾಂಕ್ಸ್ ಡಾಕ್ಟ್ರೇ. ಸುಣ್ಣ ಹಾಕ್ಬೋದಾ? ಹಳೇ ಹೊಟ್ಟು ಗುಲಾಬಿ ಗಿಡಕ್ಕೆ ಹಾಕ್ಲಾ?

ಡಾಕ್ಟರ್: ಗೂಡು ಖಾಲಿ ಮಾಡಿದಾಗ ನೆಲಕ್ಕೆ ಗೋಡೆಗೆ ಸುಣ್ಣ ಬಳೀರಿ, ಒಣಗಿದ್ಮೇಲೆ ಕೋಳಿ ಬಿಡಿ. ಒದ್ದೆ ಹಿಕ್ಕೆ ಮೇಲೆ ಮಾತ್ರ ಸುರೀಬೇಡಿ, ಇರೋ ಅಮೋನಿಯಾ ಎಲ್ಲಾ ಒಂದೇ ಸಲ ಎದ್ದು ಬರುತ್ತೆ. ಹೊಟ್ಟು ನೇರ ಹಾಕಿದ್ರೆ ಗುಲಾಬಿ ಬೇರು ಸುಟ್ಟೋಗುತ್ತೆ, ಒಣ ಎಲೆ ಜೊತೆ ಕೊಳೆಸಿ, ವಾಸನೆ ಹೋಗಿ ಮಣ್ಣಿನ ಥರ ಆದ್ಮೇಲೆ ಹಾಕಿ.