ಅಪ್‌ಡೇಟ್: ಜೀಪಿನ ನೀಲಿ ಹೊಗೆಯ ಮೂಲ ಸಿಕ್ಕಿತು

ಹಿಂದೆ ಕೇಳಿದ್ದೆ: ಮುಳ್ಳೇರಿಯ ಬಳಿ ನಮ್ಮ ತೋಟದಲ್ಲಿರುವ ಹಳೆಯ ಮಹೀಂದ್ರಾ ಎಂಎಂ 540, ಪ್ಯೂಜೋ ಡೀಸೆಲ್ ಎಂಜಿನ್ನಿನದು, ಕಡಿದಾದ ಏರು ಹತ್ತಿದೊಡನೆ ದಟ್ಟ ನೀಲಿ ಹೊಗೆ ಕಾರುವುದೇಕೆ ಎಂದು. ಹೆಚ್ಚಿನವರು ಪಿಸ್ಟನ್ ರಿಂಗ್ ಸವೆದು ಆಯಿಲ್ ಸಿಲಿಂಡರಿನೊಳಗೆ ಸೇರಿ ಉರಿಯುತ್ತಿದೆ, ನೀಲಿ ಹೊಗೆ ಅದರದೇ ಎಂದಿರಿ. ಪೇಟೆಯ ಗ್ಯಾರೇಜಿನವರಂತೂ ಎಂಜಿನ್ ಇಳಿಸುವ ದಿನವನ್ನೇ ಗೊತ್ತುಮಾಡಿದ್ದರು.

ಅದಕ್ಕೆ ಮೊದಲು ಇಂಜೆಕ್ಟರ್ ಬಿಚ್ಚಿಸಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿಸಿದೆ. ನಾಲ್ಕೂ ಸಿಲಿಂಡರಿನಲ್ಲಿ ಹೆಚ್ಚುಕಡಿಮೆ ಒಂದೇ ಒತ್ತಡ, ಅದೂ ಚೆನ್ನಾಗಿಯೇ ಇತ್ತು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದರೂ ಗಾಳಿ ನುಗ್ಗಿ ಬರಲಿಲ್ಲ. ರಿಂಗ್ ಹೋಗಿದ್ದರೆ ಹೀಗಿರುವುದಿಲ್ಲ. ಹಾಗಾದರೆ ಆಯಿಲ್ ಎಲ್ಲಿಂದ? ಏರ್ ಕ್ಲೀನರಿನಿಂದ ಬರುವ ರಬ್ಬರ್ ಕೊಳವೆಯನ್ನು ಕಳಚಿ ನೋಡಿದೆ, ಒಳಗೆಲ್ಲ ಜಿಡ್ಡು. ಇದರ ಏರ್ ಕ್ಲೀನರ್ ಆಯಿಲ್ ಬಾತ್ ಬಗೆಯದು, ಅಂದರೆ ಬಟ್ಟಲಿನಲ್ಲಿ ತುಂಬಿದ ಆಯಿಲ್ ಗಾಳಿಯ ಧೂಳನ್ನು ಹಿಡಿಯುವಂಥದು. ಬಟ್ಟಲಿನಲ್ಲಿ ಗುರುತಿನ ಗೆರೆಗಿಂತ ಎರಡು ಬೆರಳು ಮೇಲೆ ಆಯಿಲ್! ಜೀಪು ವಾಲಿದಾಗ ಅದು ನೇರ ಎಂಜಿನ್ನಿನೊಳಕ್ಕೆ. ಧೂಳು ಹೆಚ್ಚು, ಸ್ವಲ್ಪ ಜಾಸ್ತಿಯೇ ಇರಲಿ ಎಂದು ತುಂಬಿದವನು ನಾನೇ. ಗ್ಯಾರೇಜಿನವರನ್ನು ಬೈದದ್ದೆಲ್ಲ ದಂಡ. ಹೀಗೆ ಆಯಿಲ್ ಹೆಚ್ಚು ಎಳೆದುಕೊಂಡ ಡೀಸೆಲ್ ಎಂಜಿನ್, ಇಂಧನ ನಿಲ್ಲಿಸಿದರೂ ಆ ಆಯಿಲನ್ನೇ ಉರಿಸಿಕೊಂಡು ಹುಚ್ಚೆದ್ದು ಓಡಬಲ್ಲದು. ನೆನೆದರೆ ಈಗಲೂ ಬೆವರುತ್ತೇನೆ.

ಎಲ್ಲ ತೊಳೆದು ಗೆರೆಯವರೆಗಷ್ಟೇ ತುಂಬಿದೆ. ಮೊದಲ ದಿನ ಉಳಿದಿದ್ದ ಜಿಡ್ಡಿನ ಹೊಗೆ ಬಂತು. ಎರಡು ವಾರಗಳಿಂದ ಅಡಿಕೆ ಹೇರಿಕೊಂಡು ಅದೇ ಏರು ಹತ್ತಿದರೂ ಇಲ್ಲ. ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರ ಚೂರು ನೀಲಿ ಕಾಣುತ್ತದೆ; ರಾತ್ರಿ ವಾಲ್ವ್ ಸೀಲಿನಿಂದ ಚೂರು ಆಯಿಲ್ ಒಳಗೆ ಜಿನುಗುತ್ತಿರಬೇಕು. ಅದನ್ನು ಮಳೆಗಾಲ ಕಳೆದ ಮೇಲೆ ನೋಡಿಕೊಳ್ಳುತ್ತೇನೆ.

“ಮೊದಲು ಏರ್ ಕ್ಲೀನರ್ ನೋಡಿ” ಎಂದು ಒಂದೇ ಸಾಲು ಬರೆದಿದ್ದವರಿಗೆ ಒಂದು ಕಟ್ಟು ಹಲಸಿನ ಹಪ್ಪಳ ಬಾಕಿ ಇದೆ.