ಅರುಷಾದಲ್ಲಿ ಎರಡು ವರ್ಷ: ಅಲ್ಲಿನ ಜನರನ್ನೂ ಕಾಡನ್ನೂ ಅರಿಯುವುದು ಹೇಗೆ?

ಪ್ರಶ್ನೆ (ಹಾಸನದ ಓದುಗರು)

ನಮಸ್ಕಾರ. ನನ್ನ ಪತಿಯ ಉದ್ಯೋಗದ ನಿಮಿತ್ತ ನಾವು ಬರುವ ಜನವರಿಯಲ್ಲಿ ಟಾಂಜಾನಿಯಾದ ಅರುಷಾ ನಗರಕ್ಕೆ ಹೋಗಿ ಎರಡು ವರ್ಷ ನೆಲೆಸಲಿದ್ದೇವೆ. ಒಂಬತ್ತು ವರ್ಷದ ಮಗಳೂ ಜೊತೆಗಿರುತ್ತಾಳೆ. ಪ್ರವಾಸಿಗರಂತೆ ನಾಲ್ಕು ದಿನ ಸಿಂಹ, ಆನೆ ನೋಡಿ ಬರುವುದಷ್ಟೇ ನಮ್ಮ ಉದ್ದೇಶವಲ್ಲ. ನೆರೆಹೊರೆಯವರೊಡನೆ ಅವರ ರೂಢಿಯಂತೆ ಬಾಳುವುದನ್ನು ಕಲಿಯಬೇಕೆಂಬ ಆಸೆ ಇದೆ. ಮೊದಲು ಏನನ್ನು ಕಲಿಯಬೇಕು, ಯಾವ ಕಾಡಿಗೆ ಯಾವಾಗ ಹೋಗಬೇಕು ಎಂಬುದನ್ನು ಅಲ್ಲಿ ಬಾಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಅರುಷಾದಲ್ಲಿ ಆರು ವರ್ಷದಿಂದ ಇರುವವರು)

ಮೊದಲು ವಂದಿಸುವುದನ್ನು ಕಲಿಯಿರಿ. ಅಲ್ಲಿ ಕಿರಿಯರು ಹಿರಿಯರನ್ನು ಕಂಡೊಡನೆ ‘ಶಿಕಾಮೋ’ ಎನ್ನಬೇಕು, ಹಿರಿಯರು ‘ಮರಹಬಾ’ ಎಂದು ಅದನ್ನು ಸ್ವೀಕರಿಸುತ್ತಾರೆ. ‘ನಿಮ್ಮ ಪಾದ ಹಿಡಿಯುತ್ತೇನೆ’ ಎಂಬ ಮಾತಿನಿಂದ ಆ ಪದ ಬಂದಿದೆಯೆಂದು ಅಲ್ಲಿನವರು ಹೇಳುತ್ತಾರೆ. ಹಿರಿಯರ ಕಾಲಿಗೆರಗುವ ಮನೆಯಲ್ಲಿ ಬೆಳೆದ ನಿಮ್ಮ ಮಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಗೆ ಹೋದವರು ಕುಶಲ ವಿಚಾರಿಸದೆ ನೇರವಾಗಿ ಟೊಮೆಟೊ ಬೆಲೆ ಕೇಳಿದರೆ ಅದು ಅಲ್ಲಿ ಒರಟುತನ. ಮೊದಲ ತಿಂಗಳುಗಳಲ್ಲಿ ನಾನೂ ಹಾಗೆಯೇ ಮಾಡಿದ್ದೆ. ತರಕಾರಿ ಮಾರುವ ಅಜ್ಜಿಯೊಬ್ಬರು ನನ್ನನ್ನು ತಡೆದು, ಮನೆಯವರ ಆರೋಗ್ಯವನ್ನೆಲ್ಲ ವಿಚಾರಿಸಿದ ಮೇಲೆಯೇ ಬೆಲೆ ಹೇಳಿದರು. ಆ ದಿನದ ಋಣ ನನ್ನ ಮೇಲೆ ಇಂದಿಗೂ ಇದೆ.

ಬೇರೆಯವರ ಮನೆಯ ಬಾಗಿಲಲ್ಲಿ ‘ಹೋಡಿ’ ಎಂದು ಕೂಗಿ, ಒಳಗಿನಿಂದ ‘ಕರಿಬು’ ಎಂಬ ಉತ್ತರ ಬರುವವರೆಗೆ ಕಾಯಬೇಕು. ಯಾರಾದರೂ ಎಡವಿದರೆ, ದಣಿದರೆ ಅಥವಾ ಅವರ ಮನೆಯಲ್ಲಿ ಸಾವಾದರೆ ‘ಪೋಲೆ’ ಎನ್ನುತ್ತಾರೆ. ಅದು ತಪ್ಪೊಪ್ಪಿಗೆಯಲ್ಲ, ನಿಮ್ಮ ಕಷ್ಟ ನನಗೂ ತಟ್ಟಿತು ಎಂಬ ಮಾತು. ಉಗಾಲಿಯನ್ನು, ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯನ್ನು, ಬಲಗೈಯಲ್ಲಿ ಮುರಿದು ಪಲ್ಯಕ್ಕೆ ಅದ್ದಿ ತಿನ್ನುತ್ತಾರೆ. ರಾಗಿಮುದ್ದೆ ಉಣ್ಣುವ ಹಾಸನದವರಿಗೆ ಅದು ಕಷ್ಟವಾಗದು, ಆದರೆ ಅಲ್ಲಿ ಮುದ್ದೆಯನ್ನು ಅಗಿಯುತ್ತಾರೆ, ನುಂಗುವುದಿಲ್ಲ.

ಗಡಿಯಾರದ ವಿಷಯದಲ್ಲಿ ಎಚ್ಚರವಿರಲಿ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ ದಿನದ ಗಂಟೆಗಳನ್ನು ಬೆಳಗಿನಿಂದ ಎಣಿಸುವುದರಿಂದ ‘ಸಾ ತಾತು’, ಎಂದರೆ ಮೂರು ಗಂಟೆ, ನಮ್ಮ ಬೆಳಗಿನ ಒಂಬತ್ತು. ಪಂಚಾಂಗದಲ್ಲಿ ಸೂರ್ಯೋದಯದಿಂದ ಗಳಿಗೆ ಎಣಿಸುವುದು ನೆನಪಿದ್ದರೆ ಗೊಂದಲವಾಗದು.

ಉತ್ತರ 2 (ಟಾಂಜಾನಿಯಾದ ಮೊರೊಗೊರೊದಲ್ಲಿ ಕೆಲಸ ಮಾಡಿ ಮರಳಿದವರು)

ಕಾಡಿನ ಬಗ್ಗೆ ನಾನು ಹೇಳುತ್ತೇನೆ. ಜನವರಿಯ ಕೊನೆಯಿಂದ ಮಾರ್ಚ್‌ವರೆಗೆ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದ ದಕ್ಷಿಣ ಅಂಚಿನ ಎನ್ಡುಟು ಬಯಲಿನಲ್ಲಿ ವೈಲ್ಡ್‌ಬೀಸ್ಟ್‌ ಎಂಬ ದೊಡ್ಡ ಹುಲ್ಲೆಗಳು ಕರು ಹಾಕುತ್ತವೆ. ಜ್ವಾಲಾಮುಖಿಯ ಬೂದಿ ಬಿದ್ದ ಆ ನೆಲದ ಗಿಡ್ಡ ಹುಲ್ಲಿನಲ್ಲಿ ಖನಿಜಾಂಶ ಹೆಚ್ಚಾಗಿರುವುದರಿಂದ ಹಾಲೂಡುವ ತಾಯಂದಿರು ಮಳೆಗಾಲದಲ್ಲಿ ಅಲ್ಲಿಗೆ ಬರುತ್ತವೆ. ಹುಟ್ಟಿದ ಕೆಲವೇ ನಿಮಿಷಗಳಲ್ಲಿ ಕರು ಎದ್ದು ನಿಲ್ಲುವುದನ್ನು ಕಂಡಾಗ ನನ್ನ ಕಣ್ಣು ಒದ್ದೆಯಾಗಿತ್ತು. ಅವು ನದಿ ದಾಟುವ ಪ್ರಸಿದ್ಧ ದೃಶ್ಯಕ್ಕೆ ಜುಲೈ ನಂತರ ಉತ್ತರದ ಮಾರಾ ನದಿಗೆ ಹೋಗಬೇಕು. ಅಲ್ಲಿ ವಾಹನಗಳ ನೂಕುನುಗ್ಗಲು ಪ್ರಾಣಿಗಳ ದಾರಿಯನ್ನೇ ಕಟ್ಟುವುದುಂಟು, ಹೋದರೂ ದೂರದಲ್ಲೇ ನಿಲ್ಲಿ.

ಟಾರಂಗೀರೆ ರಾಷ್ಟ್ರೀಯ ಉದ್ಯಾನದಲ್ಲಿ ಆನೆಗಳೂ ಬಾವೊಬಾಬ್ ಮರಗಳೂ ಹೇರಳ; ಕಚ್ಚುವ ತ್ಸೆತ್ಸೆ ನೊಣಗಳು ಕಡುನೀಲಿ, ಕಪ್ಪು ಬಟ್ಟೆಗೆ ಮುತ್ತುವುದರಿಂದ ತಿಳಿಬಣ್ಣದ ಉಡುಪು ಧರಿಸಿ. ಮೊರೊಗೊರೊದಿಂದ ನೈಋತ್ಯಕ್ಕೆ ಹೋಗುವ ಹೆದ್ದಾರಿ ಮಿಕುಮಿ ರಾಷ್ಟ್ರೀಯ ಉದ್ಯಾನವನ್ನು ಸೀಳಿಕೊಂಡು ಸಾಗುತ್ತದೆ. ಅಲ್ಲಿ ವೇಗಮಿತಿಯೂ ಪ್ರಾಣಿಗೆ ಡಿಕ್ಕಿ ಹೊಡೆದವರಿಗೆ ದಂಡವೂ ಇವೆ. ಬಂಡೀಪುರದಲ್ಲಿ 2009 ರಿಂದ ರಾತ್ರಿ ಸಂಚಾರ ನಿಲ್ಲಿಸಲು ನಮ್ಮವರು ಪಟ್ಟ ಪಾಡು ನೆನಪಾಗಿ, ಆ ದಾರಿಯಲ್ಲಿ ಸಾಗುವಾಗಲೆಲ್ಲ ಮನಸ್ಸು ಭಾರವಾಗುತ್ತಿತ್ತು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಣ ಕೊಟ್ಟು ಮಸಾಯಿ ದನಗಾಹಿಗಳ ಹಟ್ಟಿ ನೋಡುವ ಪ್ರವಾಸಗಳ ಜಾಹೀರಾತು ಕಂಡಿದ್ದೇನೆ. ಮಗಳನ್ನು ಅಲ್ಲಿಗೆ ಕರೆದೊಯ್ಯುವುದು ಸರಿಯೇ?

ಉತ್ತರ 1 ಬರೆದವರು

ಹೋಗಲೇಬಾರದೆಂದು ಹೇಳಲಾರೆ, ಏಕೆಂದರೆ ಆ ಆದಾಯ ಕೆಲವು ಕುಟುಂಬಗಳಿಗೆ ಬೇಕು. ಆದರೆ ಹಣ ಹಟ್ಟಿಗೆ ಎಷ್ಟು ತಲುಪುತ್ತದೆಂದು ಮೊದಲೇ ಕೇಳಿ. ಒಪ್ಪಿಗೆ ಇಲ್ಲದೆ ಯಾರ ಚಿತ್ರವನ್ನೂ, ವಿಶೇಷವಾಗಿ ಮಕ್ಕಳ ಚಿತ್ರವನ್ನು, ತೆಗೆಯಬೇಡಿ. ಅವರ ಕುಣಿತವನ್ನು ನೋಡುವ ಮೊದಲು ಅವರ ನೆಲದ ಕಥೆ ಮಗಳಿಗೆ ತಿಳಿಯಬೇಕು. 1959 ರಲ್ಲಿ ಎನ್ಗೊರೊಂಗೊರೊ ಪ್ರದೇಶವನ್ನು ಸೆರೆಂಗೆಟಿ ಉದ್ಯಾನದಿಂದ ಬೇರ್ಪಡಿಸಿದಾಗ, ಸೆರೆಂಗೆಟಿಯನ್ನು ಬಿಡಬೇಕಾಗಿ ಬಂದ ಮಸಾಯಿಗಳಿಗೆ ಅಲ್ಲಿ ದನಗಳೊಡನೆ ಬಾಳಲು ಅವಕಾಶ ಕೊಟ್ಟರು. 2022 ರಲ್ಲಿ ಅಲ್ಲಿನವರನ್ನೂ ದೂರದ ಮ್ಸೊಮೆರಾ ಗ್ರಾಮಕ್ಕೆ ಸ್ಥಳಾಂತರಿಸಲು ಆರಂಭಿಸಿದರು. ನಾಗರಹೊಳೆಯ ಜೇನುಕುರುಬರ ಹಾಡಿಗಳ ಸಂಗತಿ ಬಲ್ಲ ನಿಮಗೆ ಇದರ ನೋವು ಅರ್ಥವಾಗುತ್ತದೆ.

ಮಗಳ ಮೊದಲ ಕಾಡಿಗೆ ನಗರದ ಪಕ್ಕದ ಅರುಷಾ ರಾಷ್ಟ್ರೀಯ ಉದ್ಯಾನವೇ ಸಾಕು: ಜಿರಾಫೆಗಳು, ಕಪ್ಪುಬಿಳಿ ಕೊಲೊಬಸ್ ಕೋತಿಗಳು, ಮೊಮೆಲ್ಲಾ ಕೆರೆಗಳ ರಾಜಹಂಸಗಳು ಅಲ್ಲಿವೆ. ವಾಸದ ಪರವಾನಗಿ ಕೈಯಲ್ಲಿರಲಿ. ಅಲ್ಲಿನ ನಿವಾಸಿಗಳಿಗೆ ಪ್ರವೇಶಶುಲ್ಕ ಪ್ರವಾಸಿಗರಿಗಿಂತ ಕಡಿಮೆ.